ಉಜ್ಜುವವಳ ಬಲಗೈ

ತಕ್ ಮಲ್‌ಸುನ್ ಎಂದರೆ ನಮ್ಮ ಜಮ್‌ಚೋನ್ ಊರಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಸ್ನಾನದ ಮನೆಯಲ್ಲಿ ಮೈ ಉಜ್ಜುವವಳು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಸ್ಟೇಷನ್ ಹಿಂದಿನ ಸ್ನಾನದ ಮನೆಯಲ್ಲಿ, ಹೆಂಗಸರ ಕಡೆ, ಬಿಸಿನೀರಿನ ತೊಟ್ಟಿಯ ಪಕ್ಕದ ಎತ್ತರದ ಮಂಚದ ಮೇಲೆ ಊರಿನ ಅರ್ಧ ಹೆಂಗಸರನ್ನು ಮಲಗಿಸಿ ಅವಳು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಉಜ್ಜಿದ್ದಾಳೆ. ನಾನು ಅದೇ ಮನೆಯ ಬಾಗಿಲ ಕಿಟಕಿಯಲ್ಲಿ ಕೂತು ಚೀಟಿ ಕೊಡುವವಳು. ಕಪ್ಪಿಟ್ಟ ಮುಖದಲ್ಲಿ ಒಳಗೆ ಹೋದವರು ಕೆಂಪು ಕೆನ್ನೆಯಲ್ಲಿ ಹೊರಗೆ ಬರುವುದನ್ನು ನೋಡುತ್ತಿದ್ದೆ. ನಡುವೆ ನಡೆಯುವುದೆಲ್ಲ ಅವಳ ಕೈಯದು.

ಅವಳ ಗಂಡ ಕಲ್ಲಿದ್ದಲ ಗಣಿಯಲ್ಲಿದ್ದ. ಉಜ್ಜುವುದನ್ನು ಅವಳು ಕಲಿತದ್ದು ಅವನ ಬೆನ್ನಿನ ಮೇಲೆ. ಗಣಿ ಮುಚ್ಚಿತು. ಎದೆಯಲ್ಲಿ ಕೂತ ದೂಳು ಮಾತ್ರ ಬಿಡದೆ ಅವನನ್ನು ಕರೆದುಕೊಂಡು ಹೋಯಿತು. ನಮ್ಮಲ್ಲಿ ಹೆಂಗಸನ್ನು ಮಕ್ಕಳ ಹೆಸರು ಹಿಡಿದು ಇಂಥವನ ಅಮ್ಮ ಎನ್ನುತ್ತಾರೆ, ಇಲ್ಲವೆ ತವರೂರಿನ ಹೆಸರು ಹಿಡಿದು ಕರೆಯುತ್ತಾರೆ. ಮಲ್‌ಸುನ್‌ಗೆ ಮಕ್ಕಳಾಗಲಿಲ್ಲ. ತವರೂರು ಅಣೆಕಟ್ಟಿನ ನೀರಿನಡಿಗೆ ಹೋಯಿತು. ಕರೆಯಲು ಕೆಲಸದ ಹೆಸರೊಂದೇ ಉಳಿಯಿತು.

ಅವಳದೊಂದು ನೇಮವಿತ್ತು. ಬಟ್ಟೆಯಿಲ್ಲದೆ ಕಂಡವರನ್ನು ಬಟ್ಟೆ ಹಾಕಿಕೊಂಡಾಗ ಗುರುತು ಹಿಡಿಯಬಾರದು. ಮಂಚದ ಮೇಲೆ ಮಲಗಿದವರ ಹತ್ತಿರ ಅವಳು ಮಾತಾಡುತ್ತಿರಲಿಲ್ಲ. ಹೊರಳು ಎನ್ನುವುದಕ್ಕೆ ತೊಡೆಯ ಮೇಲೆ ಒಂದು ಏಟು, ಏಳು ಎನ್ನುವುದಕ್ಕೆ ಎರಡು ಏಟು. ಸಂತೆಯಲ್ಲಿ ಎದುರಾದರೆ ಮೂಲಂಗಿ ನೋಡುವವಳ ಹಾಗೆ ತಲೆ ತಗ್ಗಿಸಿ ಹೋಗುತ್ತಿದ್ದಳು. ಒಮ್ಮೆ ನಾನು ಕೇಳಿದ್ದೆ, "ಯಾಕೆ ಮಲ್‌ಸುನ್, ಒಂದು ನಮಸ್ಕಾರ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು. "ನನ್ನದೇನೂ ಹೋಗಲ್ಲ ಅಕ್ಕ. ನನ್ನ ಮುಖ ಕಂಡ ಕೂಡ್ಲೆ ಅವ್ರಿಗೆ ತಮ್ಮ ಹೊಟ್ಟೆ ಮೇಲಿನ ಗೆರೆ ಜ್ಞಾಪಕ ಬರುತ್ತೆ. ಅವರ ಜೊತೆ ಗಂಡ ಇರ್ತಾನೆ, ಸೊಸೆ ಇರ್ತಾಳೆ. ಪಾಪ, ಯಾಕೆ?" ಎಂದಳು. ಮರ್ಯಾದೆ ಎಂದು ಅವಳು ಮಾಡಿದ್ದನ್ನು ಊರು ಜಂಬ ಎಂದುಕೊಂಡಿತು. ಹೀಗೆ ಊರಿನ ಎಲ್ಲ ಬೆನ್ನುಗಳ ಪರಿಚಯವಿದ್ದ ಅವಳಿಗೆ, ಬಾಗಿಲು ತಟ್ಟಿ ಒಂದು ಹಿಡಿ ಉಪ್ಪು ಕೇಳುವಂಥ ಮನೆ ನನ್ನದೊಂದೇ ಇತ್ತು.

ಕೈ ಮುರಿದದ್ದು ಹೊಸ ವರ್ಷದ ಹಬ್ಬ ಇನ್ನೇನು ಬಂತು ಎನ್ನುವಾಗ. ಹಬ್ಬದ ಮುಂಚೆ ಊರಿಗೆ ಊರೇ ಹಳೆ ವರ್ಷದ ಕೊಳೆ ಉಜ್ಜಿಸಿಕೊಂಡು ಹಿರಿಯರ ಎಡೆಯ ಮುಂದೆ ನಿಲ್ಲಬೇಕು. ಇಡೀ ವರ್ಷದಲ್ಲಿ ಅವಳಿಗೆ ಉಸಿರಾಡಲೂ ಬಿಡುವಿಲ್ಲದ ಕಾಲ ಅದು. ಸೋಪು ನೀರಿನ ನೆಲದ ಮೇಲೆ ಅಷ್ಟು ವರ್ಷ ಬರಿಗಾಲಲ್ಲಿ ಓಡಾಡಿದವಳು, ಮೀನಿನ ಕಡುಬು ಮಾರುವ ಗಾಡಿಯ ಮುಂದೆ ಚೆಲ್ಲಿ ಚಳಿಗೆ ಹೆಪ್ಪುಗಟ್ಟಿದ ಸಾರಿನ ಮೇಲೆ ಜಾರಿದಳು. ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು.

ಸ್ನಾನದ ಮನೆಯ ಯಜಮಾನ ಬಾಂಗ್ ಕೆಟ್ಟವನಲ್ಲ, ಬಾಯಿ ಮಾತ್ರ ಕೆಟ್ಟದ್ದು. ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಂದವಳನ್ನು ನೋಡಿ ಅವನು ತಲೆ ಚಚ್ಚಿಕೊಂಡ.

"ಹಬ್ಬದ ವಾರದಲ್ಲೇ ಮುರ್ಕೋಬೇಕಿತ್ತಾ ನೀನು? ಹಬ್ಬ ಆದ್ಮೇಲೆ ಬಿದ್ದಿದ್ರೆ ಆ ನೆಲ ಓಡಿ ಹೋಗ್ತಿತ್ತಾ?"

"ತಪ್ಪಾಯ್ತು ಯಜಮಾನ್ರೆ."

"ತಪ್ಪಾಯ್ತು ಅಂದ್ರೆ ಊರೋರ ಬೆನ್ನನ್ನ ನಾನು ಉಜ್ಜಕ್ಕಾಗುತ್ತಾ? ಪೊಲೀಸರು ಬರ್ತಾರೆ!"

ಎರಡು ದಿನದಲ್ಲಿ ಸಾಂಗ್ಜುವಿನಿಂದ ಒಬ್ಬಳನ್ನು ಕರೆತಂದ. ದುಂಡಗಿನ, ನಗುಮುಖದ ಹೆಂಗಸು. ಅವಳನ್ನು ಸಾಂಗ್ಜುವಿನವಳು ಎಂದೇ ಕರೆದೆವು. ಬಾಂಗ್ ಮಲ್‌ಸುನ್‌ಗೆ ಹೇಳಿದ, "ನಿನ್ನ ಮಂಚ ನಿನ್ನದೇ. ಆದ್ರೆ ಬೇಸಿಗೆ ಬಂದ್ರೆ ಇಬ್ಬರಿಗೆ ಕೆಲಸ ಇಲ್ಲ, ನಿನಗೇ ಗೊತ್ತು. ಅಷ್ಟರೊಳಗೆ ಕೈ ಸರಿ ಮಾಡ್ಕೊಂಡು ಬಾ."

ಅವಳಿಗಿದ್ದದ್ದು ಅದೊಂದೇ ಮಂಚ. ಮಲಗುವ ಕೋಣೆಯಲ್ಲಿ ಕೂಡ ನೆಲದ ಮೇಲೆ ಹಾಸಿಗೆ ಹಾಸಿಕೊಳ್ಳುವವಳು.

ಪ್ಲಾಸ್ಟರ್ ಬಿಚ್ಚಿಸುವ ದಿನ ನಾನೂ ಆಸ್ಪತ್ರೆಗೆ ಹೋಗಿದ್ದೆ. ಗರಗಸದಂಥ ಯಂತ್ರದಿಂದ ಅದನ್ನು ಸೀಳಿ ತೆಗೆದಾಗ ಒಳಗಿನ ಕೈ ಕಂಡಿತು. ಬಿಸಿಲಿಗೆ ಹಾಕಿದ ಮೂಲಂಗಿಯ ಹಾಗೆ ಸುಕ್ಕಾಗಿತ್ತು. ಅದರ ಮೇಲೆಲ್ಲ ಸತ್ತ ಚರ್ಮ, ಹಳೆ ಗೋಡೆಯ ಸುಣ್ಣದಂತೆ ಎದ್ದು ಪದರ ಪದರವಾಗಿ ಉದುರುತ್ತಿತ್ತು. ಅಲ್ಲಿದ್ದವರಿಗೆ ಅದು ದಿನಾ ಕಾಣುವಂಥದ್ದು. ಮಲ್‌ಸುನ್ ಮಾತ್ರ ನಾಚಿಕೆಯಿಂದ ಕುಗ್ಗಿಹೋದಳು. ಕೊರಳ ಬಟ್ಟೆ ತೆಗೆದು ಕೈಗೆ ಸುತ್ತಿಕೊಂಡಳು. ದಾರಿಯುದ್ದಕ್ಕೂ ಕೈಯಲ್ಲಿ ಕದ್ದ ಮಾಲು ಇಟ್ಟುಕೊಂಡವಳ ಹಾಗೆ ನಡೆದಳು.

"ಅಕ್ಕ, ನಿಮ್ಮನೇಲಿ ಬಿಸಿನೀರಿದ್ಯಾ?" ಎಂದಳು.

ನಮ್ಮ ಮನೆಯ ಹಿತ್ತಲ ಬಾಗಿಲ ಹತ್ತಿರ ಬೋಗುಣಿ ಇಟ್ಟುಕೊಟ್ಟೆ. ಹಸಿರು ಒರಟು ಗವಸನ್ನು ಎಡಗೈಗೆ ಹಾಕಿಕೊಂಡು ತನ್ನ ಬಲಗೈಯನ್ನು ತಾನೇ ಉಜ್ಜಿದಳು. ನಾನು ಕೈಹಾಕಲು ಹೋದರೆ ಬೇಡ ಎಂದು ಮೊಣಕೈ ಅಡ್ಡ ಹಿಡಿದಳು. ನೀರು ಬೆಳ್ಳಗಾಯಿತು. ಚೆಲ್ಲಿ ಇನ್ನೊಂದು ಬೋಗುಣಿ ತಂದೆ. ಎಲ್ಲ ಹೋದ ಮೇಲೆ ಉಳಿದದ್ದು ಮಗುವಿನ ಕೈಯಂಥ ಗುಲಾಬಿ ಬಣ್ಣದ, ಬಲವಿಲ್ಲದ ಕೈ. ಬೆರಳು ಮಡಚುತ್ತಿರಲಿಲ್ಲ. ಅಂಗೈ ಹಿಂದಕ್ಕೆ ಬಾಗುತ್ತಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಚಮಚವನ್ನು ಮುಷ್ಟಿಯಲ್ಲಿ ಸಿಕ್ಕಿಸಿಕೊಂಡು ಅನ್ನ ಎತ್ತಿದಳು. ಅರ್ಧ ಬಾಯಿಗೆ ಹೋಯಿತು, ಅರ್ಧ ಮಡಿಲಿಗೆ.

ಮಾರುಕಟ್ಟೆ ಬೀದಿಯಲ್ಲಿ ಓಕ್ ಎಂಬ ಸೂಜಿ ವೈದ್ಯರಿದ್ದಾರೆ. ನನ್ನ ಮಂಡಿಗೆ ಅವರೇ ಗತಿ. ಊರಿನ ಮುದುಕಿಯರೆಲ್ಲ ಅಲ್ಲೇ ಸೇರುವುದು. ಒಂದು ದೊಡ್ಡ ಕೋಣೆ, ಸಾಲಾಗಿ ಬೆಚ್ಚಗಿನ ಮಂಚಗಳು, ನಡುವೆ ಪರದೆ. ಮಾಚಿಪತ್ರೆ ಸುಟ್ಟ ವಾಸನೆ ಮೆಟ್ಟಿಲಿಗೇ ಬಂದು ಎದುರುಗೊಳ್ಳುತ್ತದೆ. ಮಲ್‌ಸುನ್‌ಳನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಓಕ್ ಡಾಕ್ಟರು ಅವಳ ಎರಡೂ ಕೈಯ ನಾಡಿ ಹಿಡಿದು ನೋಡಿದರು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

"ಮೂಳೆ ಕೂಡಿದೆ ಅಂತ ಆಸ್ಪತ್ರೆಯವರು ಹೇಳಿದ್ದಾರೆ. ಅದು ಸರಿ. ಆದ್ರೆ ಈ ಕೈಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಹೆದರಿಕೊಂಡು ಮುದುರಿ ಕೂತಿದೆ."

"ಬೇಸಿಗೆಯೊಳಗೆ ಬರುತ್ತಾ ಡಾಕ್ಟ್ರೇ? ಇಲ್ದಿದ್ರೆ ನನ್ನ ಮಂಚ ಹೋಗುತ್ತೆ."

"ಕೈನೇ ಕೇಳ್ಬೇಕಮ್ಮ. ನಾವು ಹಿಂದೆ ನಿಂತು ತಳ್ಳಬಹುದು, ಎಳೆಯೋಕಾಗಲ್ಲ."

ನೋವು ಬಲಗೈಯಲ್ಲಿ, ಡಾಕ್ಟರು ಮೊದಲ ಸೂಜಿ ಚುಚ್ಚಿದ್ದು ಎಡಗಾಲಿಗೆ. ಮಲ್‌ಸುನ್ ಕತ್ತೆತ್ತಿ ನನ್ನ ಕಡೆ ನೋಡಿದಳು. ಡಾಕ್ಟರಿಗೆ ತಪ್ಪು ಹೇಳುವುದು ಹೇಗೆ ಎಂಬ ಸಂಕಟ ಅವಳ ಮುಖದಲ್ಲಿತ್ತು. "ಗದ್ದೆಗೆ ನೀರು ಬರದಿದ್ರೆ ಗದ್ದೇಲಿ ಅಗೀತೀರಾ? ತೂಬು ಎಲ್ಲಿದ್ಯೋ ಅಲ್ಲಿ ತಾನೇ?" ಎಂದು ಡಾಕ್ಟರು ನಕ್ಕರು. ಆಮೇಲೆ ಎಡ ಮೊಣಕೈಗೆ, ಕೊನೆಗೆ ಬಲ ಮಣಿಕಟ್ಟಿನ ಸುತ್ತ ಕೂದಲೆಳೆಯಂಥ ಸೂಜಿಗಳು. ಮೇಲೆ ಕೆಂಪು ದೀಪದ ಕಾವು. ಸೂಜಿ ತೆಗೆದ ಮೇಲೆ ಮಾಚಿಪತ್ರೆಯ ಪುಟ್ಟ ಉಂಡೆಗಳನ್ನು ಕೈ ಮೇಲಿಟ್ಟು ಸುಡುತ್ತಿದ್ದರು. ಬಿಸಿ ತಡೆಯಲಾಗುವುದಿಲ್ಲ ಎನ್ನುವಷ್ಟರಲ್ಲಿ ನರ್ಸು ಬಂದು ಎತ್ತಿ ಬಿಡುತ್ತಿದ್ದಳು. ಕುಡಿಯಲು ಕುಸುಬೆ ಬೀಜ ಸೇರಿಸಿ ಕುದಿಸಿದ ಕಷಾಯ, ಕಹಿ. ಮನೆಯಲ್ಲಿ ಮಾಡಲು ಒಂದು ಕೆಲಸ: ಕೆಂಪು ಕಾಳನ್ನು ಬೆಚ್ಚಗೆ ಮಾಡಿ ಬೋಗುಣಿಗೆ ಹಾಕಿಕೊಂಡು ಅದರೊಳಗೆ ಕೈ ಹೂತು ಬೆರಳು ಆಡಿಸುವುದು.

ನರ್ಸು ದಿನಾ ಅವಳ ಕೈಯನ್ನು ತನ್ನ ಎರಡು ಕೈಯ ನಡುವೆ ಇಟ್ಟುಕೊಂಡು ನಿಧಾನವಾಗಿ ಹಿಂದೆ ಮುಂದೆ ಬಾಗಿಸುತ್ತಿದ್ದಳು. ಆ ಹೊತ್ತಿನಲ್ಲಿ ಮಲ್‌ಸುನ್ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನೋವಿಗೆ ಎಂದು ನಾನು ತಿಳಿದಿದ್ದೆ. "ನೋವಲ್ಲ ಅಕ್ಕ. ಎಷ್ಟು ವರ್ಷ ಆಯ್ತೋ, ಯಾರೂ ನನ್ನ ಮುಟ್ಟಿರ್ಲಿಲ್ಲ" ಎಂದು ಒಂದು ಸಲ ದಾರಿಯಲ್ಲಿ ಹೇಳಿದಳು. ಹೇಳಿ, ಬೇರೆ ಕಡೆ ನೋಡುತ್ತಾ ನಡೆದಳು.

ಮಾರ್ಚ್ ತಿಂಗಳ ಕೊನೆಗೆ, ಕಾಲವಲ್ಲದ ಕಾಲದಲ್ಲಿ, ಹಸಿ ಹಿಮ ಬಿತ್ತು. ಆವತ್ತು ನಾನು ಕಿಟಕಿಯ ಪಕ್ಕದ ಮಂಚದಲ್ಲಿ, ಮಂಡಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದೆ. ಪಕ್ಕದ ಮಂಚದಲ್ಲಿ ಮಲ್‌ಸುನ್. ಸೂಜಿ ಒಳಗಿರುವಾಗ ಎದ್ದೇಳುವ ಹಾಗಿಲ್ಲ, ಅಲುಗಾಡುವ ಹಾಗಿಲ್ಲ. ಅವಳ ಆಚೆಗಿನ ಪರದೆಯ ಹಿಂದಿನ ಎರಡು ಮಂಚಗಳಿಗೆ ಇಬ್ಬರು ಬಂದು ಮಲಗಿದರು. ದನಿಯಲ್ಲೇ ಗೊತ್ತಾಯಿತು. ಒಬ್ಬಳು ಅಕ್ಕಿ ಗಿರಣಿಯವನ ಹೆಂಡತಿ, ಇನ್ನೊಬ್ಬಳು ಬಟ್ಟೆ ಅಂಗಡಿಯವಳು. ಇಬ್ಬರೂ ಸ್ನಾನದ ಮನೆಯ ಹಳೆಯ ಗಿರಾಕಿಗಳು.

"ಸೊಂಟ ಹೇಗಿದೆಯೇ?" ಎಂದಳು ಗಿರಣಿಯವಳು.

"ಸೊಂಟ ಅನ್ನೋದು ಇದ್ದಿದ್ರೆ ತಾನೇ ಹೇಗಿದೆ ಅಂತ ಹೇಳೋದು. ಮೇಲಿಂದ ಕೆಳಗೆ ಎಲ್ಲ ಒಂದೇ ಆಗಿದೀನಿ."

ಇಬ್ಬರೂ ನಕ್ಕರು. ನಕ್ಕದ್ದಕ್ಕೆ ಸೂಜಿ ಅಲುಗಿ ಇಬ್ಬರೂ ಅಯ್ಯೋ ಅಂದರು.

"ನಿನ್ನೆ ಸಾಂಗ್ಜುವಿನವಳ ಹತ್ರ ಉಜ್ಜಿಸ್ಕೊಂಡೆ ಕಣೇ. ಏನ್ ಮಾತಾಡ್ತಾಳೆ! ನನ್ನ ಸೊಸೆ ಬಸುರಿ ಅನ್ನೋದು ನನ್ನ ಮಗನಿಗಿಂತ ಮುಂಚೆ ಅವಳಿಗೆ ಗೊತ್ತು" ಎಂದಳು ಗಿರಣಿಯವಳು.

"ಉಜ್ಜೋದು?"

"ಉಜ್ಜೋದು ಹಾಗೇ, ಬೆಕ್ಕಿನ ಮೈ ಸವರಿದ ಹಾಗೆ. ಕೊಳೆ ಹೋಗಲ್ಲ. ಆದ್ರೆ ಮನಸ್ಸು ಹಗುರ ಆಗುತ್ತಪ್ಪ."

"ಹಳೆಯವಳದು ಬಿಡು, ಆಲೂಗಡ್ಡೆ ಸಿಪ್ಪೆ ತೆಗೆದ ಹಾಗೆ ಉಜ್ಜೋಳು. ಆದ್ರೆ ಬಾಯಿ? ಹೆಣ ತೊಳೆಯೋರೂ ಅಷ್ಟು ಗುಮ್ಮನೆ ಇರಲ್ಲ. ಅಲ್ಲಿ ಮಲಗಿದ್ರೆ, ಅಯ್ಯೋ ನಾನು ಸತ್ತುಹೋಗಿದೀನೇನೋ ಅನ್ಸೋದು."

"ಕುಂಡೆ ಮೇಲೆ ಒಂದು ಬಿಡ್ತಾಳಲ್ಲ, ಆಗ ಬದುಕಿದೀನಿ ಅಂತ ಗೊತ್ತಾಗುತ್ತೆ!"

ಮತ್ತೆ ನಗು, ಮತ್ತೆ ಅಯ್ಯೋ.

ನಾನು ಕೆಮ್ಮಿದೆ. ಬೇಕೆಂದೇ ಜೋರಾಗಿ ಕೆಮ್ಮಿದೆ. ಅವರಿಗೆ ಅದು ಬರೀ ಒಬ್ಬ ಮುದುಕಿಯ ಕೆಮ್ಮು. ಬಾಯಿ ಬಿಟ್ಟು ಹೇಳೋಣವೆಂದರೆ, ಮಲ್‌ಸುನ್ ಇಲ್ಲೇ ಇದ್ದಾಳೆಂದು ನಾನೇ ಡಂಗುರ ಸಾರಿದ ಹಾಗಾಗುತ್ತದೆ. ನನ್ನ ಕಡೆಯ ಪರದೆ ಅರ್ಧ ಸರಿದಿತ್ತು. ಅವಳು ಮೇಲಿನ ಚಾವಣಿ ನೋಡುತ್ತಾ ಮಲಗಿದ್ದಳು. ಕೆಂಪು ದೀಪ ಅವಳ ಕೈ ಮೇಲೆ ಉರಿಯುತ್ತಿತ್ತು.

"ಅವಳ ಹೆಸರೇನೇ?"

"ಯಾರದು?"

"ಹಳೇ ಉಜ್ಜೋಳದು."

"ಯಾರಿಗ್ಗೊತ್ತು. ಹೆಸರಿದ್ಯೋ ಇಲ್ವೋ. ಬೀದೀಲಿ ಕಂಡ್ರೆ ಮುಖ ತಿರುಗಿಸ್ಕೊಂಡು ಹೋಗ್ತಾಳೆ. ನಮ್ಮ ಕೊಳೆ ತಿಂದು ಬದುಕೋಳಿಗೆ ಏನ್ ಜಂಬ ಅಂತೀನಿ."

"ಕೈ ಮುರ್ಕೊಂಡ್ಳಂತಲ್ಲ, ಪಾಪ."

"ಪಾಪ ಅನ್ನು, ಆದ್ರೆ ನಿಜ ಹೇಳು, ವಾಪಸ್ ಬರ್ಲಿ ಅಂತ ಇದ್ಯಾ ನಿಂಗೆ?"

ಬಟ್ಟೆ ಅಂಗಡಿಯವಳು ಉತ್ತರ ಕೊಡುವಷ್ಟರಲ್ಲಿ ನರ್ಸು ಬಂದಳು. "ತಕ್ ಮಲ್‌ಸುನ್ ಅಮ್ಮಾ, ಸೂಜಿ ತೆಗೀತೀನಿ" ಎಂದು ಗಟ್ಟಿಯಾಗಿ ಕೂಗಿದಳು. ಆಚೆ ಕಡೆ ಏನೂ ಆಗಲಿಲ್ಲ. ಆ ಹೆಸರು ಅವರಿಗೆ ಯಾರದೋ ಹೆಸರು. ಗಿರಣಿಯವಳು "ಹೇಳೇ, ಇದ್ಯಾ?" ಎಂದು ಮತ್ತೆ ಕೇಳಿದಳು ಕೂಡ. ನರ್ಸು ಸೂಜಿಗಳನ್ನು ತೆಗೆಯುತ್ತಾ, ಏನೂ ತಿಳಿಯದ ಹುಡುಗಿ, ಖುಷಿಯಿಂದ ಹೇಳಿದಳು:

"ಇವತ್ತು ಬೆರಳು ಚೆನ್ನಾಗಿ ಬಾಗ್ತಾ ಇದೆ ಅಮ್ಮಾ. ಬೇಗ ಸ್ನಾನದ ಮನೆಗೆ ಹೋಗಿ ಎಲ್ಲರ ಬೆನ್ನು ಉಜ್ಜಬಹುದು!"

ಪರದೆಯ ಆಚೆ ಉಸಿರು ನಿಂತ ಹಾಗಾಯಿತು. ಆಮೇಲೆ ಗಿರಣಿಯವಳ ದನಿ, ಎಂದೂ ಇಲ್ಲದ ಮೆಲುದನಿ, ಕೇಳಿಸಿತು: "ಬಿಸಿಲು ಚೆನ್ನಾಗಿದೆ ಅಲ್ವಾ ಇವತ್ತು."

ಹೊರಗೆ ಹಿಮ ಹತ್ತಿಯ ಹಾಗೆ ಉದುರುತ್ತಿತ್ತು.

ಮಲ್‌ಸುನ್ ಎದ್ದು ಕೋಟು ಹಾಕಿಕೊಂಡಳು. ಗುಂಡಿ ಹಾಕಲು ಬರದೆ ಕೋಟನ್ನು ಎಡಗೈಯಲ್ಲಿ ಎದೆಗೆ ಹಿಡಿದುಕೊಂಡಳು. ಅವರ ಮಂಚಗಳ ಮುಂದೆ ಪರದೆ ಅಷ್ಟಾಗಿ ಎಳೆದಿರಲಿಲ್ಲ. ಅವಳು ಹಾದುಹೋಗುವಾಗ ಇಬ್ಬರೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿದ್ದೆ ಹೋದರು.

ಮಾರನೆ ದಿನ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಬಂದಳು. ಅದಕ್ಕೂ ಮಾರನೆ ದಿನ ಬಂದಳು. ಆ ಇಬ್ಬರು ತಾವು ಬರುವ ಹೊತ್ತನ್ನು ಬದಲಿಸಿಕೊಂಡರು. ಚೆರಿ ಹೂ ಬಿಟ್ಟು ಉದುರಿತು. ಮಲ್‌ಸುನ್ ಮನೆಯಲ್ಲಿ ಕಾಳಿನ ಬೋಗುಣಿ ಒಲೆಯ ಮೇಲೇ ಇರುತ್ತಿತ್ತು. ಮೊದಲು ಚಮಚ ಬೆರಳಿನ ನಡುವೆ ನಿಂತಿತು. ಆಮೇಲೆ ಊಟದ ಕಡ್ಡಿ. ಕೋಟಿನ ಗುಂಡಿ. ಬೇಯಿಸಿದ ಮೊಟ್ಟೆಯ ಸಿಪ್ಪೆಯನ್ನು ಬಿಳಿ ಹರಿಯದಂತೆ ಸುಲಿದು ನನ್ನ ಅಂಗೈ ಮೇಲಿಟ್ಟಳು ಒಂದು ದಿನ. ಕೊನೆಗೆ ಡಾಕ್ಟರು ಒದ್ದೆ ಟವಲ್ ಕೊಟ್ಟು ಹಿಂಡಲು ಹೇಳಿದರು. ಹನಿ ಬಿತ್ತು, ಆಮೇಲೆ ಧಾರೆ ಬಿತ್ತು. ಡಾಕ್ಟರು ತಾವೂ ಒಮ್ಮೆ ಹಿಂಡಿ ನೋಡಿದರು. ಅದೇ ಟವಲಿನಿಂದ ಇನ್ನೊಂದು ಹನಿಯೂ ಬರಲಿಲ್ಲ. "ನನಗಿಂತ ನಿಮ್ಮ ಕೈಯೇ ವಾಸಿ. ನನಗೇ ನೀವು ಸೂಜಿ ಚುಚ್ಚಬೇಕು" ಎಂದರು.

ಆದರೂ ಅವಳಿಗೆ ಧೈರ್ಯ ಬರಲಿಲ್ಲ. ತನ್ನ ತೊಡೆಯನ್ನು ಉಜ್ಜಿ ನೋಡಿಕೊಂಡಳಂತೆ. ತೊಡೆ ತನ್ನದೇ, ಅದು ಸುಳ್ಳು ಹೇಳುತ್ತದೆ ಎಂದಳು. ಕೈಯನ್ನು ಪರೀಕ್ಷೆ ಮಾಡಲು ಇನ್ನೊಬ್ಬರ ಬೆನ್ನು ಬೇಕು. ಗಂಡನಿದ್ದವಳಿಗೆ, ಮಗಳಿದ್ದವಳಿಗೆ ಅದು ಕೇಳುವ ಮಾತೇ ಅಲ್ಲ. ಇವಳು ಎರಡು ದಿನ ನಮ್ಮ ಮನೆಗೆ ಬಂದು, ಕೂತು, ಬಾರ್ಲಿ ಚಹಾ ಕುಡಿದು, ಏನೋ ಹೇಳಲು ಹೋಗಿ ಎದ್ದು ಹೋದಳು. ಮೂರನೆಯ ದಿನ ನಾನೇ ಹೇಳಿದೆ.

"ಮಂಗಳವಾರ ಸ್ನಾನದ ಮನೆಗೆ ರಜ. ತೊಳೆಯೋಕೆ ಅಂತ ಬೀಗದ ಕೈ ನನ್ನ ಹತ್ರಾನೇ ಇರುತ್ತೆ. ನನ್ನ ಬೆನ್ನು ಹಳೇದು, ಹಾಳಾದ್ರೂ ಚಿಂತೆ ಇಲ್ಲ."

ಅಷ್ಟು ವರ್ಷ ಒಂದೇ ಮನೆಯಲ್ಲಿ ಕೆಲಸ ಮಾಡಿದರೂ ನಾನು ಅವಳ ಮಂಚದ ಮೇಲೆ ಮಲಗಿರಲಿಲ್ಲ. ದಿನಾ ಮುಖ ನೋಡುವವಳ ಹತ್ತಿರ ನಾಚಿಕೆ ಎನ್ನುವುದೊಂದು ಇರುತ್ತದಲ್ಲ. ಮಂಗಳವಾರ ಮಲಗಿದೆ. ಖಾಲಿ ಸ್ನಾನದ ಮನೆಯಲ್ಲಿ ನೀರು ತೊಟ್ಟಿಕ್ಕುವ ಸದ್ದು ದೊಡ್ಡದಾಗಿ ಕೇಳಿಸುತ್ತಿತ್ತು. ಅವಳು ಒಂದು ಬಕೆಟ್ಟು ಬಿಸಿನೀರು ಸುರಿದು, ಕೈ ಇಟ್ಟಳು. ಕುತ್ತಿಗೆಯಿಂದ ಸೊಂಟದವರೆಗೆ ಒಂದು ಎಳೆತ. ಎರಡನೆಯದು.

"ಆಯ್ತು" ಎಂದಳು.

"ಏನಾಯ್ತು? ಇನ್ನೂ ಶುರುವೇ ಮಾಡಿಲ್ಲ ನೀನು."

"ಕೈ ಬಂದಿದೆ ಅಕ್ಕ. ಮೊದಲ್ನೇ ಸಲ ಎಲ್ಲ ಬೆನ್ನೂ ಬಿಗಿಯಾಗೇ ಇರುತ್ತೆ. ಎರಡನೇ ಸಲಕ್ಕೆ ಸಡಿಲ ಬಿಡುತ್ತೆ. ಬಿಡದಿದ್ರೆ ಕೈ ಸರಿಯಿಲ್ಲ ಅಂತ, ಇಲ್ಲಾಂದ್ರೆ ಆ ಹೆಂಗಸಿಗೆ ಅಲ್ಲಿ ಮಲಗೋಕೆ ಇಷ್ಟ ಇಲ್ಲ ಅಂತ. ಬಾಯಲ್ಲಿ ಏನಾದ್ರೂ ಹೇಳ್ಬಹುದು. ಬೆನ್ನಲ್ಲಿ ಹೇಳೋಕಾಗಲ್ಲ."

"ನೋವಿದ್ಯಾ?"

"ಇಲ್ಲ."

ಆಮೇಲೆ ಪೂರ್ತಿ ಉಜ್ಜಿದಳು. ನನ್ನ ತೊಡೆಗೂ ಒಂದು ಏಟು ಬಿತ್ತು, ಹೊರಳಿದೆ.

ಮೇ ತಿಂಗಳಲ್ಲಿ ಅವಳು ಕೆಲಸಕ್ಕೆ ಬಂದಳು. ಬಾಂಗ್‌ಗೆ ಇಬ್ಬರಲ್ಲಿ ಯಾರನ್ನು ಕಳಿಸುವುದು ಎಂದು ತಿಳಿಯಲಿಲ್ಲ. ನಮ್ಮಲ್ಲಿ ಉಜ್ಜಿಸಿಕೊಳ್ಳುವವರು ಒಳಗೆ ಬಂದ ಕೂಡಲೆ ತಮ್ಮ ಬಟ್ಟೆ ಪೆಟ್ಟಿಗೆಯ ಬೀಗದ ಕೈಯನ್ನು ಉಜ್ಜುವವಳ ಮೊಳೆಗೆ ತಗುಲಿಹಾಕಿ ಸರದಿ ಹಿಡಿಯುತ್ತಾರೆ. ಬಾಂಗ್ ಗೋಡೆಗೆ ಇನ್ನೊಂದು ಮೊಳೆ ಹೊಡೆಸಿದ, ಇನ್ನೊಂದು ಮಂಚ ಹಾಕಿಸಿದ. "ಒಂದು ವಾರ ನೋಡೋಣ. ಯಾರ ಮೊಳೆಗೆ ಬೀಗದ ಕೈ ಜಾಸ್ತಿ ಬರುತ್ತೋ ಅವರು ಇರ್ಲಿ. ನನ್ನ ಬೈಕೋಬೇಡಿ, ಊರನ್ನ ಬೈಕೊಳ್ಳಿ" ಎಂದ.

ಮೊದಲ ದಿನ ಬೆಳಗ್ಗೆ ಗಿರಣಿಯವಳು ಬಂದಳು. ಕಿಟಕಿಯಲ್ಲಿ ನನ್ನ ಮುಖ ನೋಡದೆ ಚೀಟಿ ತೆಗೆದುಕೊಂಡು ಒಳಗೆ ಹೋಗಿ, ಮಲ್‌ಸುನ್‌ಳ ಮೊಳೆಗೆ ಬೀಗದ ಕೈ ಹಾಕಿದಳು. ಅವಳ ಹಿಂದೆ ಬಟ್ಟೆ ಅಂಗಡಿಯವಳು. ಆಮೇಲೆ ಅವಳ ನಾದಿನಿ, ಗಿರಣಿಯವಳ ಓರಗಿತ್ತಿ, ಅವರ ಅಕ್ಕಪಕ್ಕದವರು. ಕ್ಲಿನಿಕ್ಕಿನ ಸುದ್ದಿ ಪರದೆ ದಾಟಿ ಊರೆಲ್ಲ ಹರಡಿತ್ತು. ಟವಲು ಇಡಲು ಒಳಗೆ ಹೋದಾಗ ನೋಡಿದೆ, ಅವಳ ಮೊಳೆ ದ್ರಾಕ್ಷಿ ಗೊಂಚಲಿನ ಹಾಗೆ ತುಂಬಿತ್ತು. ಸಾಂಗ್ಜುವಿನವಳು ಖಾಲಿ ಮಂಚದ ಮೇಲೆ ಕೂತು ಕಾಲು ಆಡಿಸುತ್ತಿದ್ದಳು.

"ಕೈ ಮುರ್ಕೊಂಡ್ರೆ ಗಿರಾಕಿ ಹೆಚ್ಚಾಗ್ತಾರೆ ಅಂತ ಮೊದಲೇ ಹೇಳಬಾರದಿತ್ತಾ? ನಾಳೆ ನಾನೂ ಒಂದು ಕಾಲು ಮುರ್ಕೊಂಡು ಬರ್ತೀನಿ" ಎಂದಳು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಗಿರಣಿಯವಳು.

ವಾರವಿಡೀ ಹಾಗೇ ನಡೆಯಿತು. ನನಗೆ ಒಳಗೊಳಗೇ ಹಿಗ್ಗು. ಬಾಂಗ್ ಕೂಡ "ಮುಗೀತಲ್ಲ, ಊರೇ ಹೇಳ್ತು" ಎಂದ. ಕೊನೆಯ ದಿನ ಸಾಯಂಕಾಲ ಮಲ್‌ಸುನ್ ತನ್ನ ಗವಸು, ಬಕೆಟ್ಟು ಎಲ್ಲ ತೊಳೆದು ಬೋರಲು ಹಾಕಿ ನನ್ನ ಕಿಟಕಿಯ ಹತ್ತಿರ ಬಂದಳು.

"ಅಕ್ಕ, ಯಜಮಾನರಿಗೆ ನೀವೇ ಹೇಳಿಬಿಡಿ. ಸಾಂಗ್ಜುವಿನವಳು ಇರ್ಲಿ."

"ತಲೆ ಕೆಟ್ಟಿದ್ಯಾ ನಿಂಗೆ? ಕೈ ನೋವಾ?"

"ಕೈ ಚೆನ್ನಾಗಿದೆ. ಡಾಕ್ಟ್ರು ದೇವರಂಥೋರು."

"ಮತ್ತೆ? ಇಷ್ಟು ಬೀಗದ ಕೈ ಬಂದ್ವಲ್ಲೇ!"

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು.

"ಒಬ್ಬಳೂ ಸಡಿಲ ಬಿಡ್ಲಿಲ್ಲ ಅಕ್ಕ. ಎರಡನೇ ಸಲಕ್ಕಲ್ಲ, ಹತ್ತನೇ ಸಲಕ್ಕೂ ಬಿಡ್ಲಿಲ್ಲ. ಎಲ್ಲರ ಬೆನ್ನೂ ಹಲಗೆ. ಮೊದಲು ನನ್ನ ಕೈಯೇ ಇರ್ಬೇಕು ಅಂದ್ಕೊಂಡೆ. ಕೈ ಅಲ್ಲ. ಅವರು ಉಜ್ಜಿಸ್ಕೊಳ್ಳೋಕೆ ಬರ್ತಾ ಇಲ್ಲ. ಆಡಿದ ಮಾತು ತೊಳ್ಕೊಳ್ಳೋಕೆ ಬರ್ತಾ ಇದಾರೆ. ಎಷ್ಟು ದಿನ ಬಂದಾರು? ಸುಸ್ತಾಗ್ತಾರೆ. ಆಮೇಲೆ ಇವಳಿಂದಲೇ ಅಂತ ನನ್ನ ಮೇಲೇ ಸಿಟ್ಟಾಗ್ತಾರೆ."

"ಸ್ವಲ್ಪ ಮಾತಾಡಿ ನೋಡ್ಬೇಕಿತ್ತು ನೀನು."

"ಆಡ್ದೆ. ಗಿರಣಿಯವಳಿಗೆ, ನಿಮ್ಮ ಸೊಸೆ ಹೇಗಿದಾಳೆ ಅಂದೆ. ಹೌಹಾರಿ ಎದ್ದು ಕೂತ್ಲು."

ನನಗೆ ನಗು ಬಂತು, ತಡೆದುಕೊಂಡೆ. ಅವಳು ನಗಲಿಲ್ಲ. ನಾನು ಬೈದೆ, ಬೇಡಿಕೊಂಡೆ, ಬಾಂಗ್‌ನ ಕೈಯಲ್ಲೂ ಹೇಳಿಸಿದೆ. ಅವಳು ತಲೆಯಾಡಿಸುತ್ತಾ ಕೇಳಿಸಿಕೊಂಡಳೇ ಹೊರತು ಒಪ್ಪಲಿಲ್ಲ. ಮಳೆಗಾಲ ಹತ್ತುವ ಮುಂಚೆ ಹಾಮ್‌ಚಾಂಗ್ ಕಡೆಯ ಮುದುಕರ ಆಸ್ಪತ್ರೆಯೊಂದರಲ್ಲಿ, ಹಾಸಿಗೆ ಹಿಡಿದವರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ಸೇರಿದಳು. ಅಲ್ಲೇ ಹಿಂದೆ ಇರಲು ಕೋಣೆ ಕೊಟ್ಟರು. ಸಾಮಾನು ಒಂದು ಟ್ಯಾಕ್ಸಿಯಲ್ಲಿ ಹೋಯಿತು. ಸಂತೆಯ ದಿನವಾದ್ದರಿಂದ ಬೀದಿ ತುಂಬ ಜನರಿದ್ದರು. ಯಾರೂ ಏನು ಎಂದು ಕೇಳಲಿಲ್ಲ.

ಶರತ್ಕಾಲದಲ್ಲಿ ನಾನು ಬಸ್ಸು ಹತ್ತಿ ನೋಡಲು ಹೋದೆ. ಕೆಂಪು ಕಾಳಿನ ಹೂರಣದ ಬಿಸಿ ಬನ್ನು ಕಟ್ಟಿಸಿಕೊಂಡಿದ್ದೆ. ಸ್ನಾನದ ಕೋಣೆಯಲ್ಲಿದ್ದಾರೆ, ಕೂತಿರಿ ಎಂದು ಅಲ್ಲಿಯವರು ಹೇಳಿದರು. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಯಾರೋ ಹೆಂಗಸು ಒಂದೇ ಸಮನೆ ಮಾತಾಡುತ್ತಿದ್ದಳು.

"...ಇವತ್ತು ಹೊರಗೆ ಗಾಳಿ ಕಣಮ್ಮ, ಗಿಂಕ್ಗೊ ಮರದ ಕಾಯಿ ಎಲ್ಲ ಉದುರಿ ದಾರಿ ತುಂಬ ಗಬ್ಬು ವಾಸನೆ. ಕೈ ಎತ್ತಿ, ಹಾಂ, ಹಾಗೆ. ಈ ಭುಜ ನೋಯುತ್ತಾ? ನನ್ನ ಕೈನೂ ಹೀಗೇ ಆಗಿತ್ತು. ಎಡಗಾಲಿಗೆ ಚುಚ್ಚಿದ್ರು ಅಂತೀನಿ! ನಾನು ಅಂದ್ಕೊಂಡೆ, ಡಾಕ್ಟ್ರಿಗೆ ಎಡ ಬಲ ಗೊತ್ತಿಲ್ಲ ಅಂತ. ನಗಬೇಡಿ. ನಗ್ತಾ ಇದೀರಾ? ಬೆನ್ನು ಹೇಳ್ತಿದೆ ನಂಗೆ..."

ಅದು ಮಲ್‌ಸುನ್‌ಳ ದನಿ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಹಾದುಹೋಗುತ್ತಿದ್ದ ನರ್ಸನ್ನು, ಒಳಗಿರುವುದು ಯಾರು ಎಂದು ಕೇಳಿದೆ. ಮಾತು ಬಿದ್ದುಹೋಗಿ ಬಹಳ ಕಾಲವಾದ ಅಜ್ಜಿ, ಕಿವಿ ಕೇಳಿಸುತ್ತದೋ ಇಲ್ಲವೋ ನಮಗೂ ಗೊತ್ತಿಲ್ಲ ಎಂದಳು.

ನಾನು ಬಾಗಿಲು ತಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ನೀರಿನ ಸದ್ದು ನಿಂತಿತು. ಅಜ್ಜಿಯನ್ನು ಗಾಲಿ ಕುರ್ಚಿಯಲ್ಲಿ ಬೇರೊಬ್ಬಳು ತಳ್ಳಿಕೊಂಡು ಹೋದಳು. ಹಿಂದಿನಿಂದ ಮಲ್‌ಸುನ್ ಬಂದಳು. ನನ್ನನ್ನು ಕಂಡು ನಿಂತಳು.

"ಬಂದ್ರಾ ಅಕ್ಕ" ಎಂದಳು.

"ಬಂದೆ. ಹೇಗಿದ್ಯಾ?"

"ಚೆನ್ನಾಗಿದೀನಿ."

ಪಕ್ಕದಲ್ಲಿ ಕೂತು ಬನ್ನು ಮುರಿದು ದೊಡ್ಡ ಅರ್ಧವನ್ನು ನನಗೆ ಕೊಟ್ಟಳು. ಆರಿಹೋಗಿತ್ತು. ಬಸ್ಸಿನ ಹೊತ್ತಾಗುವವರೆಗೂ ಇಬ್ಬರೂ ತಿನ್ನುತ್ತಾ ಕೂತಿದ್ದೆವು, ಅವಳು ಮತ್ತೆ ಏನೂ ಮಾತಾಡಲಿಲ್ಲ.